ಬೂಟಿನ ದಾರ ಮತ್ತು ಬೆಟ್ಟದ ಬಂಡೆ

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಬುದ್ಧನು ಮಲಗಿರುವಂತೆ ತೋರುವುದು. ನಾಯಕರ ರಾಜಧಾನಿಯಾಗಿದ್ದ ಸುರಪುರವಂತೂ ಗುಡ್ಡಗಳ ಮಡಿಲಿನಲ್ಲಿಯೇ ಇದೆ. ಭೀಮೆಯ ಆಚೆಗೆ ಯಾದಗಿರಿಯ ಕೋಟೆಯು ಬಂಡೆಗಲ್ಲಿನ ಗುಡ್ಡವೊಂದರ ನೆತ್ತಿಯನ್ನು ಹಿಡಿದು ನಿಂತಿದೆ. ಈ ಬೆಟ್ಟಗಳು ಎತ್ತರದಲ್ಲಿ ಹಿಮಾಲಯಕ್ಕೆ ಸಾಟಿಯಲ್ಲ; ಆದರೆ ವಯಸ್ಸಿನಲ್ಲಿ ಹಿಮಾಲಯವು ಇವುಗಳ ಮುಂದೆ ಹಸುಗೂಸು. ಇಲ್ಲಿಯ ಗ್ರಾನೈಟ್ ಶಿಲೆಯು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲು ಮಳೆಗಳಿಗೆ ಸಿಕ್ಕಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿ, ಅದು ದುಂಡಾದ ಗುಂಡುಗಳಾಗಿಯೂ ಇಳಿಜಾರಾದ ಬೋಳುಬಂಡೆಗಳಾಗಿಯೂ ಮಾರ್ಪಟ್ಟಿದೆ.

ಇಂತಹ ಬೆಟ್ಟವನ್ನು ಏರಹೊರಟವನಿಗೆ ಎರಡು ಬಗೆಯ ಕೆಲಸ ಕಾದಿರುವುದು. ಮೊದಲು ಹೊಲದ ಬದುವಿನ ಮೇಲೆ, ಬಂಡಿಜಾಡಿನಲ್ಲಿ ಒಂದೆರಡು ಗಂಟೆಯ ನಡಿಗೆ. ಅನಂತರ ಬೆರಳಗಲದ ಅಂಚುಗಳ ಮೇಲೆ ಕಾಲೂರಿ ಬಂಡೆಯನ್ನು ಹತ್ತುವುದು. ನಡಿಗೆಗೆ ಸಡಿಲವಾದ, ಕಾಲಿಗೆ ಹಿತವಾದ ಬೂಟು ಬೇಕು. ಹತ್ತುವುದಕ್ಕೆ ಕಾಲಿನ ಚರ್ಮವೇ ಎಂಬಂತೆ ಅಂಟಿಕೊಂಡ ಬೂಟು ಬೇಕು. ಎರಡು ಜೊತೆ ಬೂಟುಗಳನ್ನು ಹೊತ್ತೊಯ್ಯುವವರು ವಿರಳ. ಒಂದೇ ಜೊತೆಯನ್ನು ಎರಡಾಗಿ ಮಾಡಬಲ್ಲ ಸಾಧನವು ಬೂಟಿನಲ್ಲಿಯೇ ಇದೆ. ಅದೇ ದಾರ. ಪೇಟೆಯಲ್ಲಿ ಇದನ್ನು ಲೇಸು ಎನ್ನುವರು. ಸರಿಯಾಗಿ ಕಟ್ಟಿದರೆ ಹೆಸರು ಕನ್ನಡದ ಅರ್ಥದಲ್ಲಿಯೂ ಸಾರ್ಥಕವೇ ಸರಿ.

ಬಹುಮಂದಿ ದಾರವನ್ನು ಪೋಣಿಸಿ, ಮೇಲಿನ ಎರಡು ತುದಿಗಳನ್ನು ಜಗ್ಗಿ, ಗಂಟು ಹಾಕಿ ಹೊರಟುಬಿಡುವರು. ಹೀಗೆ ಜಗ್ಗಿದ ಬಲವು ಬೆರಳುಗಳವರೆಗೆ ಇಳಿಯುವುದೆಂದು ಅವರ ನಂಬಿಕೆ. ಅದು ಇಳಿಯುವುದಿಲ್ಲ. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಹುಡುಗನೊಬ್ಬನು ಬಲವಾದ ಹೋರಿಯನ್ನು ತಡೆದು ನಿಲ್ಲಿಸಬಲ್ಲನಷ್ಟೆ. ಹಗ್ಗಕ್ಕೂ ಗೂಟಕ್ಕೂ ನಡುವಣ ಘರ್ಷಣೆಯೇ ಇದಕ್ಕೆ ಕಾರಣ. ಸುತ್ತಿನ ಕೋನವು ಹೆಚ್ಚಿದಂತೆ ಒಂದು ತುದಿಯ ಸೆಳೆತಕ್ಕೂ ಇನ್ನೊಂದು ತುದಿಯ ಸೆಳೆತಕ್ಕೂ ಇರುವ ಪ್ರಮಾಣವು ಗುಣೋತ್ತರವಾಗಿ ಬೆಳೆಯುತ್ತದೆ. ಗಣಿತಜ್ಞ ಆಯ್ಲರನ ಹೆಸರಿನಿಂದ ಈ ನಿಯಮವು ಪ್ರಸಿದ್ಧವಾಗಿದೆ. ಘರ್ಷಣಾಂಕವು 0.3 ಎಂದೂ, ಬೂಟಿನ ಪ್ರತಿಯೊಂದು ಕಣ್ಣಿನಲ್ಲಿ ದಾರವು 90 ಅಂಶ ತಿರುಗುವುದೆಂದೂ ಇಟ್ಟುಕೊಳ್ಳೋಣ. ಒಂದು ಕಣ್ಣನ್ನು ದಾಟುವಾಗಲೇ ಸೆಳೆತದಲ್ಲಿ 100ಕ್ಕೆ 62 ಪಾಲು ಮಾತ್ರ ಉಳಿಯುವುದು. ಐದು ಕಣ್ಣುಗಳನ್ನು ದಾಟಿದ ಮೇಲೆ ಉಳಿಯುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಹರಡಿನ ಬಳಿ ರಕ್ತ ನಿಲ್ಲುವಂತೆ ಬಿಗಿದಿದ್ದರೂ ಬೆರಳುಗಳ ಮೇಲೆ ಬೂಟು ಸಡಿಲವಾಗಿಯೇ ಇರುವುದೇಕೆಂದು ಇದರಿಂದ ತಿಳಿಯುವುದು. ಆದುದರಿಂದ ಬಿಗಿಯುವ ಕೆಲಸವನ್ನು ಬೆರಳ ಕಡೆಯ ಮೊದಲ ಜೋಡಿ ಕಣ್ಣುಗಳಿಂದ ಆರಂಭಿಸಿ, ಒಂದೊಂದು ಅಡ್ಡಗೆರೆಯನ್ನೂ ಬೆರಳಿನಿಂದ ಎತ್ತಿ ಎಳೆಯುತ್ತ ಮೇಲಕ್ಕೆ ಬರತಕ್ಕದ್ದು.

ಆದರೆ ಎಲ್ಲ ಕಡೆಯೂ ಒಂದೇ ಬಿಗಿ ಸಲ್ಲದು. ಬೂಟಿನಲ್ಲಿ ಮೂರು ಸೀಮೆಗಳುಂಟು: ಬೆರಳುಗಳ ಹಿಂದಿನ ಮುಂಗಾಲು, ಪಾದವು ಕಾಲಿಗೆ ಕೂಡುವ ಬಾಗು, ಅದರ ಮೇಲಿನ ಹರಡು. ಸಮನೆಲದ ನಡಿಗೆಯಲ್ಲಿ ಮುಂಗಾಲು ಸಡಿಲವಾಗಿರಬೇಕು. ಏಕೆಂದರೆ ಹೆಜ್ಜೆಹೆಜ್ಜೆಗೂ ಪಾದವು ಭಾರದಿಂದ ಅಗಲವಾಗುವುದು, ಗಂಟೆಗಳು ಕಳೆದಂತೆ ಉಬ್ಬುವುದೂ ಉಂಟು. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸನ್ನು ಮೀರುವ ಈ ಸೀಮೆಯಲ್ಲಿ ಮುಂಜಾನೆ ಕಟ್ಟಿದ ಬಿಗಿಯು ಹತ್ತು ಗಂಟೆಗೆ ಹಿಂಸೆಯಾಗುವುದು. ಬಾಗಿನಲ್ಲಿ ಮಾತ್ರ ಯಾವಾಗಲೂ ಬಿಗಿಯಿರಲಿ. ಹಿಮ್ಮಡಿಯನ್ನು ಬೂಟಿನ ಹಿಂಗೋಡೆಗೆ ಒತ್ತಿ ಹಿಡಿಯುವುದು ಈ ಬಾಗೇ. ಹಿಮ್ಮಡಿ ಎದ್ದೆದ್ದು ಬಿದ್ದರೆ ಚರ್ಮವು ಉಜ್ಜಿ ಗುಳ್ಳೆ ಏಳುವುದು. ಏರುವಾಗ ಹರಡು ಮುಂದಕ್ಕೆ ಬಾಗಬೇಕಾದುದರಿಂದ ಮೇಲಿನ ಕಣ್ಣುಗಳನ್ನು ಸಡಿಲ ಬಿಡುವುದು ಲೇಸು.

ಇಳಿಯುವಾಗ ಕಥೆಯೇ ಬೇರೆ. ಇಂತಹ ಗುಡ್ಡವೊಂದನ್ನು ಇಳಿದು ಬಂದ ನಮ್ಮ ತಂಡದಲ್ಲಿ ಒಬ್ಬನ ಎರಡೂ ಹೆಬ್ಬೆರಳ ಉಗುರುಗಳು ಕಪ್ಪಾಗಿದ್ದವು. ಬೂಟು ಚಿಕ್ಕದೆಂದು ಅವನು ದೂರಿದ. ಬಿಚ್ಚಿ ನೋಡಿದರೆ ಬೂಟು ದೊಡ್ಡದೇ ಇತ್ತು. ಏರುವಾಗ ಸಡಿಲಿಸಿದ ದಾರವನ್ನು ಇಳಿಯುವ ಮುನ್ನ ಬಿಗಿಯಲು ಅವನು ಮರೆತಿದ್ದನು. ಪಾದವು ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರಿ ಬೂಟಿನ ಮೂತಿಗೆ ಬಡಿದಿತ್ತು. ಇಳಿಯುವ ಮುನ್ನ ಕುಳಿತು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದವನ್ನು ಹಿಂದಕ್ಕೆ ಸರಿಸಿಕೊಂಡು, ಬಾಗನ್ನೂ ಹರಡನ್ನೂ ಹೊಸದಾಗಿ ಬಿಗಿಯುವುದಕ್ಕೆ ಎರಡು ನಿಮಿಷ ಸಾಕು.

ಇನ್ನು ಬಂಡೆ ಹತ್ತುವ ವಿಷಯ. ಕಿರಿದಾದ ಅಂಚಿನ ಮೇಲೆ ಬೂಟಿನ ಮೂತಿಯನ್ನೂರಿ ನಿಂತಾಗ ಪಾದವು ಒಂದು ಸನ್ನೆಕೋಲಾಗುವುದು. ಹರಡಿನ ಕೀಲು ಅದರ ಆನಿಕೆ. ಮುಂದೆ ಅಂಚು, ಹಿಂದೆ ಹಿಮ್ಮಡಿಯ ನರವನ್ನು ಎಳೆಯುವ ಮೀನಖಂಡ. ಅಂಚು ಕೀಲಿನಿಂದ 18 ಸೆಂಟಿಮೀಟರ್ ಮುಂದೆಯೂ ನರವು 5 ಸೆಂಟಿಮೀಟರ್ ಹಿಂದೆಯೂ ಇದ್ದು, 60 ಕಿಲೋಗ್ರಾಂ ತೂಕದವನು ಒಂಟಿ ಕಾಲಿನಲ್ಲಿ ನಿಂತನೆನ್ನೋಣ. ಮೀನಖಂಡವು ಎಳೆಯಬೇಕಾದ ಬಲವು 60×18÷5, ಅಂದರೆ 216 ಕಿಲೋಗ್ರಾಂ ತೂಕದಷ್ಟು! ಪಾದವು ಬೂಟಿನೊಳಗೆ ಒಂದೇ ಒಂದು ಸೆಂಟಿಮೀಟರ್ ಹಿಂದೆ ಜಾರಿದರೆ ಈ ಭಾರಕ್ಕೆ ಇನ್ನೂ 12 ಕಿಲೋಗ್ರಾಂ ಸೇರುವುದು. ಕಾಲು ಹೊಲಿಗೆ ಯಂತ್ರದ ಸೂಜಿಯಂತೆ ನಡುಗತೊಡಗುವುದು ಇಂತಹ ಹೊರೆಯಿಂದಲೇ. ಇದಕ್ಕಿಂತಲೂ ಅಪಾಯಕರವಾದುದು ಅಡ್ಡ ಹೊರಳು: ಮುಂಗಾಲು ಸಡಿಲವಾಗಿದ್ದರೆ ಅಟ್ಟೆಯ ಅಂಚು ಬಂಡೆಯ ಮೇಲೆ ನಿಂತಿದ್ದರೂ ಒಳಗಿನ ಪಾದವು ಹೊರಳುವುದು, ಅದರ ಹಿಂದೆಯೇ ಅಟ್ಟೆಯೂ ಹೊರಳಿ ಜಾರುವುದು. ಆದುದರಿಂದ ಬಂಡೆಯ ಬುಡದಲ್ಲಿ ಮುಂಗಾಲನ್ನು ಮೊದಲ ಕಣ್ಣಿನಿಂದಲೇ ಬಿಗಿಯಬೇಕು.

ಹಾಗೆಂದು ಮೇಲಿನವರೆಗೂ ಬಿಗಿಯಬೇಕೆಂದು ತಿಳಿಯಬಾರದು. ಅಂಚೇ ಇಲ್ಲದ ಇಳಿಜಾರು ಬಂಡೆಗಳು ಈ ಬೆಟ್ಟಗಳಲ್ಲಿ ಹೇರಳ. ಅಲ್ಲಿ ನಮ್ಮನ್ನು ಹಿಡಿಯುವುದು ಒರಟಾದ ಹರಳುಗಳಿಗೂ ರಬ್ಬರಿಗೂ ನಡುವಣ ಘರ್ಷಣೆಯೊಂದೇ. ಹಿಮ್ಮಡಿಯನ್ನು ತಗ್ಗಿಸಿ, ಅಟ್ಟೆಯ ಮುಂಭಾಗವನ್ನು ಬಂಡೆಗೆ ಸಪಾಟಾಗಿ ಒತ್ತಬೇಕು. ಹರಡು ಬಿಗಿದಿದ್ದರೆ ಹಿಮ್ಮಡಿ ತಗ್ಗುವುದಿಲ್ಲ. ಇಲ್ಲಿ ಮುಂಗಾಲು ಬಿಗಿ, ಹರಡು ಸಡಿಲ: ಇದೇ ಸೂತ್ರ.

ಒಂದೇ ದಾರದಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಹೇಗೆ ಸಾಧ್ಯ? ಉತ್ತರವು ಮತ್ತೆ ಎತ್ತಿನ ಗೂಟದಲ್ಲಿಯೇ ಇದೆ. ಮುಂಗಾಲನ್ನು ಬಿಗಿದು ಬಾಗಿನ ಬಳಿ ಬಂದಾಗ ಎರಡು ಎಳೆಗಳನ್ನು ಸುಮ್ಮನೆ ಅಡ್ಡ ಹಾಯಿಸದೆ, ಒಂದನ್ನು ಇನ್ನೊಂದಕ್ಕೆ ಎರಡು ಸಲ ಸುತ್ತಿ ಎಳೆಯಿರಿ. ಶಸ್ತ್ರವೈದ್ಯರು ಹೊಲಿಗೆ ಸಡಿಲಾಗದಂತೆ ಹಾಕುವ ಸುತ್ತೂ ಇದೇ. ಘರ್ಷಣಾಂಕ 0.3 ಇದ್ದು ದಾರವು ಗೂಟವೊಂದಕ್ಕೆ ಪೂರ್ಣ ಒಂದು ಸುತ್ತು ಬಂದರೆ ಸೆಳೆತದ ಪ್ರಮಾಣ ಆರೂವರೆ ಪಟ್ಟು. ಎರಡು ಸುತ್ತಿಗೆ 43 ಪಟ್ಟು. ದಾರಕ್ಕೆ ದಾರವೇ ಗೂಟವಾದಾಗ ಲೆಕ್ಕ ಇಷ್ಟು ನಿಖರವಾಗಿ ಬಾರದಿದ್ದರೂ ಬೀಗವಂತೂ ಬೀಳುವುದು. ಎನ್.ಸಿ.ಸಿ. ಬೂಟು ಇರುವ ವಿದ್ಯಾರ್ಥಿಗಳು ಇದನ್ನು ಇಂದೇ ಪರೀಕ್ಷಿಸಬಹುದು. ಬಿಗಿ ಅತಿಯಾಯಿತೇ ಎಂಬುದನ್ನು ಅರಿಯುವುದೂ ಸುಲಭ: ಬೆರಳುಗಳು ಜೋಮು ಹಿಡಿದರೆ ಒಡನೆ ಸಡಿಲಿಸಿ. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ರಕ್ತನಾಳವೂ ನರಗಳೂ ಹಾಯ್ದಿವೆ.

ಪೋಣಿಸುವ ವಿನ್ಯಾಸದ ಬಗೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆರು ಜೋಡಿ ಕಣ್ಣುಗಳಲ್ಲಿ ದಾರವನ್ನು ಹಾಯಿಸುವ ಕ್ರಮಗಳು ಎಣಿಕೆಗೆ ಸುಮಾರು ಎರಡು ಲಕ್ಷ ಕೋಟಿ ಆಗುತ್ತವೆ. ಆಸ್ಟ್ರೇಲಿಯದ ಗಣಿತಜ್ಞ ಬರ್ಕಾರ್ಡ್ ಪೋಲ್‌ಸ್ಟರ್ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿಚಾರಿಸಿ, ಜನ ರೂಢಿಯಿಂದ ಬಳಸುವ ಕತ್ತರಿ ಪೋಣಿಕೆ ಮತ್ತು ನೇರ ಅಡ್ಡ ಪೋಣಿಕೆಗಳೇ ಅತ್ಯಂತ ಬಲವಾದವೆಂದು ತೋರಿಸಿದರು.

ಗಂಟಿನಲ್ಲಿ ಮಾತ್ರ ರೂಢಿಯನ್ನು ನಂಬುವಂತಿಲ್ಲ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಡುವವನ ಪಾದವು ನೆಲಕ್ಕೆ ತಾಗಿದಾಗ ಗುರುತ್ವದ ಏಳು ಪಟ್ಟು ಆಘಾತವಾಗಿ ಗಂಟು ಸಡಿಲುವುದೆಂದೂ, ಬೀಸುವ ತುದಿಗಳು ಜಡತ್ವದಿಂದ ಅದನ್ನು ಕಾಣದ ಕೈಯಂತೆ ಎಳೆಯುವುವೆಂದೂ ಕಂಡುಬಂದಿತು. ಕಟ್ಟಿದ ಕುಣಿಕೆಗಳು ಬೂಟಿನ ಉದ್ದಕ್ಕೆ ತಿರುಗಿದರೆ ನಿಮ್ಮದು ದುರ್ಬಲವಾದ ಗಂಟು. ಮೊದಲ ಸುತ್ತನ್ನು ತಿರುವುಮುರುವಾಗಿ ಹಾಕಿದರೆ ಕುಣಿಕೆಗಳು ಅಡ್ಡಲಾಗಿ ಮಲಗುವುವು. ಬಂಡೆಗೆ ಕೈಹಚ್ಚುವ ಮುನ್ನ ಕುಣಿಕೆಗಳಿಗೂ ಇನ್ನೊಂದು ಗಂಟು ಹಾಕಿ, ಉಳಿದ ತುದಿಗಳನ್ನು ಅಡ್ಡಗೆರೆಗಳ ಕೆಳಗೆ ಸಿಕ್ಕಿಸಿಬಿಡಿ. ಗ್ರಾನೈಟಿನ ಮೇಲೆ ಉಜ್ಜಿ ಸವೆದ ದಾರವನ್ನು ಊರಿನಲ್ಲಿಯೇ ಬದಲಾಯಿಸಿಕೊಂಡು ಹೊರಡುವುದು. ಇನ್ನೊಂದು ಜೊತೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು.