ಬರಿದಾದ ಯಂತ್ರದ ಮೊದಲ ಪ್ರಶ್ನೆ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ 332 ಎಕರೆ ನೆಲದಲ್ಲಿ, 1970ರ ದಶಕದ ಕೊನೆಗೆ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಇಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಕಂಡ ಕನಸು ಅದು. ಇಂದು ಅಲ್ಲಿಯೂ, ನಗರದ ಪೂರ್ವಕ್ಕಿರುವ ವೈಟ್‌ಫೀಲ್ಡಿನಲ್ಲಿಯೂ, ಕಟ್ಟಡಗಳ ಒಳಗೆ ಹಗಲಿರುಳೂ ತಂಪಾಗಿಡುವ ಕೋಣೆಗಳುಂಟು. ಅವುಗಳಲ್ಲಿ ಆಳೆತ್ತರದ ಉಕ್ಕಿನ ಕಪಾಟುಗಳು ಸಾಲಾಗಿ ನಿಂತಿವೆ. ಸಾಮಾನ್ಯವಾಗಿ ಒಂದು ಕಪಾಟಿನಲ್ಲಿ 42 ಅಂತಸ್ತುಗಳು. ಅಂತಸ್ತು ಒಂದಕ್ಕೆ ಸುಮಾರು 4.4 ಸೆಂಟಿಮೀಟರ್ ಎತ್ತರ. ಅಂತಸ್ತಿನೊಳಗೆ ಅಡಗಿರುವ ಚಪ್ಪಟೆ ಪೆಟ್ಟಿಗೆಯೇ ಸರ್ವರ್ ಎನ್ನಿಸಿಕೊಳ್ಳುವ ಗಣಕಯಂತ್ರ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ.

ಹೊಸ ಸರ್ವರ್ ಬಂದಿತೆನ್ನಿ. ಕೆಲಸಗಾರನು ಅದನ್ನು ಕಪಾಟಿಗೆ ತಳ್ಳಿ, ವಿದ್ಯುತ್ತಿನ ತಂತಿಯನ್ನೂ ಜಾಲದ ತಂತಿಯನ್ನೂ ಸಿಕ್ಕಿಸಿ, ಗುಂಡಿಯನ್ನೊತ್ತಿ ಹೊರಟುಹೋಗುತ್ತಾನೆ. ಅದರ ಡಿಸ್ಕು ಬರಿದು. ಆದರೂ ಅರ್ಧ ಗಂಟೆಯೊಳಗೆ ಅದು ಹೆಸರು, ವಿಳಾಸ, ಕಾರ್ಯಾಚರಣ ವ್ಯವಸ್ಥೆ ಎಲ್ಲವನ್ನೂ ಪಡೆದು ನೆರೆಯ ಯಂತ್ರಗಳೊಡನೆ ದುಡಿಯತೊಡಗಿರುತ್ತದೆ. ಇದು ಹೇಗೆ ಸಾಧ್ಯ? ಈ ವ್ಯವಸ್ಥೆಯಲ್ಲಿ ಜಾಣತನವೆಷ್ಟಿದೆಯೋ ಅಪಾಯವೂ ಅಷ್ಟೇ ಇದೆ, ಎರಡನ್ನೂ ನೋಡೋಣ.

ಮೊದಲು ತೊಡಕು ಎಲ್ಲಿದೆಯೆಂಬುದನ್ನು ತಿಳಿಯಬೇಕು. ಡಿಸ್ಕು, ತಂತಿ, ಪರದೆ, ಸ್ಮೃತಿ ಇವುಗಳನ್ನು ಹಂಚಿ ಆಳುವ ಮೂಲ ಕ್ರಮವಿಧಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದು ಡಿಸ್ಕಿನಲ್ಲಿರುತ್ತದೆ. ಆದರೆ ಡಿಸ್ಕನ್ನು ಓದುವುದಕ್ಕೂ ಒಂದು ಕ್ರಮವಿಧಿ ಬೇಕಷ್ಟೆ? ಹಳ್ಳಿಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಇಂಥ ತೊಡಕು ಹೊಸದಲ್ಲ. ಬಾವಿಯ ದಡದ ಪಂಪು ನೀರೆತ್ತಬೇಕಾದರೆ ಮೊದಲು ಅದರ ಹೊಟ್ಟೆಗೆ ಒಂದು ಬಿಂದಿಗೆ ನೀರು ಸುರಿಯಬೇಕು. ಗಾಳಿ ತುಂಬಿದ ಪಂಪು ಎಷ್ಟು ತಿರುಗಿದರೂ ನೀರನ್ನೆಳೆಯದು. ಗಣಕಕ್ಕೂ ಹಾಗೊಂದು ಬಿಂದಿಗೆ ಬೇಕು. ಹಿಂದಿನ ಕಾಲದ ಕೆಲವು ಗಣಕಗಳಲ್ಲಿ ಮುಂಬದಿಯ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ, ಮೊದಲ ಹತ್ತಿಪ್ಪತ್ತು ಆಜ್ಞೆಗಳನ್ನು ಮನುಷ್ಯನೇ ಬೆರಳಿನಿಂದ ಸುರಿಯುತ್ತಿದ್ದನು. ಈಗ ಆ ಬಿಂದಿಗೆಯು ವಿದ್ಯುತ್ತು ಹೋದರೂ ಅಳಿಯದ ಸಣ್ಣ ಸ್ಮೃತಿಯಲ್ಲಿ ಕಾರ್ಖಾನೆಯಿಂದಲೇ ತುಂಬಿ ಬರುತ್ತದೆ. ತನ್ನ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದೆಂಬ ಇಂಗ್ಲಿಷಿನ ನುಡಿಗಟ್ಟಿನಿಂದ ಈ ಕ್ರಿಯೆಗೆ ಬೂಟ್ ಎಂಬ ಹೆಸರು ಬಂದಿತು. ನ್ಯೂಟನ್ನನ ಮೂರನೆಯ ನಿಯಮವನ್ನು ಓದಿದವರಿಗೆ ನಗು ಬರಬಹುದು. ಆದರೆ ಇಲ್ಲಿ ಎತ್ತುವವನು ಬೇರೊಬ್ಬನಿದ್ದಾನೆ.

ಡಿಸ್ಕೂ ಬರಿದಾಗಿದ್ದರೆ ಉಳಿಯುವುದು ಜಾಲದ ತಂತಿಯೊಂದೇ. ಅದರ ಮೂಲಕ ಎದ್ದು ನಿಲ್ಲುವ ವಿಧಾನವನ್ನು 1985ರ ಸೆಪ್ಟೆಂಬರಿನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬಿಬ್ಬರು ಬೂಟ್‌ಪಿ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದುದೂ ಅದೇ ವರ್ಷದಲ್ಲಿ. ಆಗ ಡಿಸ್ಕುಗಳು ದುಬಾರಿ. ಡಿಸ್ಕೇ ಇಲ್ಲದ ಅಗ್ಗದ ಯಂತ್ರಗಳು ಒಂದು ದೊಡ್ಡ ಯಂತ್ರವನ್ನು ಆಶ್ರಯಿಸುತ್ತಿದ್ದುವು. 1993ರಲ್ಲಿ ಬೂಟ್‌ಪಿಯನ್ನೇ ಬೆಳೆಸಿ ಡಿಎಚ್‌ಸಿಪಿ ಎಂಬ ನಿಯಮಾವಳಿಯಾಯಿತು. 1999ರಲ್ಲಿ ಇಂಟೆಲ್ ಸಂಸ್ಥೆಯು ಪಿಎಕ್ಸ್‌ಇ ಎಂಬ ಕಟ್ಟಳೆಯ 2.1ನೆಯ ಆವೃತ್ತಿಯನ್ನು ಹೊರತಂದಿತು. ಇಂದಿಗೂ ಹೊಸ ಸರ್ವರುಗಳು ಹೆಚ್ಚುಕಡಿಮೆ ಈ ದಾರಿಯಲ್ಲಿಯೇ ಏಳುತ್ತವೆ.

ಡಿಸ್ಕಿಲ್ಲದ ಯಂತ್ರಗಳು ಹಳೆಯ ಕಾಲದೊಡನೆ ಹೋದುವೆಂದು ತಿಳಿಯಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ‘ಸಹಸ್ರ-ಟಿ’ ಎಂಬ ಕ್ರೇ ಮಹಾಗಣಕದಲ್ಲಿ ತಲಾ 24 ಅಂತರಂಗಗಳುಳ್ಳ 1376 ಗಣನಘಟಕಗಳಿದ್ದುವು; ಘಟಕಗಳಲ್ಲಿ ಸ್ವಂತ ಡಿಸ್ಕು ಇರಲಿಲ್ಲ. ಪ್ರತಿಸಲವೂ ಅವು ತಮ್ಮ ಕಾರ್ಯಾಚರಣ ವ್ಯವಸ್ಥೆಯನ್ನು ಜಾಲದ ಮೂಲಕವೇ ಸ್ಮೃತಿಗೆ ಇಳಿಸಿಕೊಂಡು ಏಳುತ್ತಿದ್ದುವು.

ಈಗ ತಂತಿಯ ಮೇಲೆ ನಡೆಯುವ ಸಂಭಾಷಣೆಯನ್ನು ಕೇಳೋಣ. ಯಂತ್ರಕ್ಕೆ ತಿಳಿದಿರುವುದು ಒಂದೇ ಒಂದು ಸಂಗತಿ: ತನ್ನ ಜಾಲಫಲಕದಲ್ಲಿ ಕೆತ್ತಿದಂತಿರುವ 48 ಬಿಟ್ಟುಗಳ ಮ್ಯಾಕ್ ವಿಳಾಸ. 48 ಬಿಟ್ಟುಗಳಿಂದ ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳನ್ನು ಬರೆಯಬಹುದಾದ್ದರಿಂದ ಎರಡು ಫಲಕಗಳಿಗೆ ಒಂದೇ ವಿಳಾಸ ಕೊಡಬೇಕಾದ ಅಗತ್ಯವಿಲ್ಲ. ಅದು ಜಾಲದ ಮನೆಯ ಸಂಖ್ಯೆಯಲ್ಲ, ಹುಟ್ಟುಮಚ್ಚೆ. ತಾನೆಲ್ಲಿದ್ದೇನೆ, ಯಾರನ್ನು ಕೇಳಬೇಕು ಎಂಬುದನ್ನು ಯಂತ್ರವು ಅರಿಯದು. ಆದುದರಿಂದ ಅದು ಡಂಗುರ ಸಾರುತ್ತದೆ. ಕಳುಹಿಸಿದವರ ವಿಳಾಸ 0.0.0.0, ಅಂದರೆ ಯಾರೂ ಅಲ್ಲ. ಸೇರಬೇಕಾದ ವಿಳಾಸ 255.255.255.255, ಅಂದರೆ ಎಲ್ಲರೂ. ‘ಇಂಥ ಮಚ್ಚೆಯ ನಾನು ಎದ್ದಿದ್ದೇನೆ, ನನಗೊಂದು ವಿಳಾಸವನ್ನೂ ಓದಲು ಏನನ್ನಾದರೂ ಕೊಡುವವರುಂಟೆ?’ ಎಂಬುದು ಅದರ ತಾತ್ಪರ್ಯ. ಡಿಎಚ್‌ಸಿಪಿ ಸೇವಕವು ‘ಈ ವಿಳಾಸ ಕೊಡಬಲ್ಲೆ’ ಎನ್ನುತ್ತದೆ. ಯಂತ್ರವು ‘ಅದನ್ನೇ ಕೊಡು’ ಎನ್ನುತ್ತದೆ. ಸೇವಕವು ‘ಕೊಟ್ಟೆ’ ಎನ್ನುತ್ತದೆ. ನಾಲ್ಕು ಮಾತುಗಳಲ್ಲಿ ವ್ಯವಹಾರ ಮುಗಿಯಿತು. ಜೊತೆಗೆ, ಮುಂದಿನ ಕಡತ ಯಾವುದು, ಯಾವ ಯಂತ್ರದಲ್ಲಿದೆ ಎಂಬ ಸೂಚನೆಯೂ ಬಂದಿರುತ್ತದೆ. ಡಂಗುರದ ಸದ್ದು ಊರಿನ ಗಡಿಯನ್ನು ದಾಟದು. ಹಾಗೆಯೇ ಈ ಕೂಗು ರೌಟರನ್ನು ದಾಟದು. ಸೇವಕವು ಆಚೆಯ ಜಾಲದಲ್ಲಿದ್ದರೆ ಕೂಗನ್ನು ಕೇಳಿ ಒಯ್ದು ಮುಟ್ಟಿಸುವ ಓಲೆಕಾರನನ್ನು ಗಡಿಯಲ್ಲಿ ನಿಲ್ಲಿಸಬೇಕಾಗುತ್ತದೆ.

ಮುಂದಿನದು ಸಣ್ಣದರಿಂದ ದೊಡ್ಡದನ್ನು ತರಿಸುವ ಸರಪಣಿ. ಮೊದಲು ಕೆಲವು ನೂರು ಸಾವಿರ ಬೈಟುಗಳ ಪುಟ್ಟ ಕ್ರಮವಿಧಿ. ಅದು ಲಿನಕ್ಸಿನ ತಿರುಳನ್ನು ತರುತ್ತದೆ. ತಿರುಳು ಸ್ಥಾಪಕವನ್ನು ಎಬ್ಬಿಸುತ್ತದೆ. ಸ್ಥಾಪಕವು ಉಳಿದ ಗಿಗಾಬೈಟುಗಳನ್ನು ತರಿಸಿ ಡಿಸ್ಕಿಗೆ ಬರೆಯುತ್ತದೆ. ಆರಂಭದ ಮೆಟ್ಟಿಲುಗಳಲ್ಲಿ ಬಳಕೆಯಾಗುವ ಸಾಗಣೆಯ ವಿಧಾನ ಟಿಎಫ್‌ಟಿಪಿ. 1981ರಲ್ಲಿ ಅದರ ನಿಯಮಗಳನ್ನು ಬರೆದು ಪ್ರಕಟಿಸಿದವರು ಕೇರನ್ ಸಾಲಿನ್ಸ್. ಭೌತಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವಿಧಾನದ ಮೂಲರೂಪದಲ್ಲಿ ಕಡತವು 512 ಬೈಟುಗಳ ತುಣುಕುಗಳಾಗಿ ಹೋಗುತ್ತದೆ. ಒಂದು ತುಣುಕು ಮುಟ್ಟಿತೆಂಬ ಒಪ್ಪಿಗೆ ಬರುವವರೆಗೆ ಇನ್ನೊಂದು ಹೊರಡುವುದಿಲ್ಲ. 3 ಕೋಟಿ ಬೈಟುಗಳ ಕಡತಕ್ಕೆ 58,594 ತುಣುಕುಗಳು, ಅಷ್ಟೇ ಸಲ ಹೋಗಿಬರುವ ಪ್ರಯಾಣ. ಸೇವಕವು ಅದೇ ಕೋಣೆಯಲ್ಲಿದ್ದು, ಹೋಗಿಬರಲು ಅರ್ಧ ಮಿಲಿಸೆಕೆಂಡು ಹಿಡಿದರೆ ಕೆಲಸ 29 ಸೆಕೆಂಡುಗಳಲ್ಲಿ ಮುಗಿದೀತು. ಸೇವಕವು ಚೆನ್ನೈಯಲ್ಲಿದೆಯೆನ್ನಿ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. 350 ಕಿಲೋಮೀಟರಿನ ಎಳೆಯಲ್ಲಿ ಹೋಗಿಬರಲು 3.5 ಮಿಲಿಸೆಕೆಂಡು ಬೇಕೇಬೇಕು. ಒಟ್ಟು 205 ಸೆಕೆಂಡು. ಸೇವಕವು ಅಮೆರಿಕದಲ್ಲಿದ್ದು ಎಳೆಯ ಉದ್ದ 14,000 ಕಿಲೋಮೀಟರಾದರೆ ಎರಡೂಕಾಲು ಗಂಟೆಗೂ ಮಿಕ್ಕುತ್ತದೆ! ತಂತಿಯನ್ನು ಎಷ್ಟು ಅಗಲ ಮಾಡಿದರೂ ಇದು ತಗ್ಗದು, ಏಕೆಂದರೆ ಇಲ್ಲಿ ಕಾಲವನ್ನು ತಿನ್ನುತ್ತಿರುವುದು ಬೆಳಕಿನ ವೇಗ. ತುಣುಕನ್ನು ದೊಡ್ಡದು ಮಾಡಿಕೊಳ್ಳುವ ಅವಕಾಶ 1995ರಲ್ಲಿ ಬಂದಿತು. ಒಪ್ಪಿಗೆಗೆ ಕಾಯದೆ ಹಲವು ತುಣುಕುಗಳನ್ನು ಒಟ್ಟಿಗೆ ಕಳುಹಿಸುವ ಅವಕಾಶ 2015ರಲ್ಲಿ. ಹೊಸ ಯಂತ್ರಗಳು ಎಚ್‌ಟಿಟಿಪಿಯಿಂದಲೇ ಎದ್ದುಬಿಡಬಲ್ಲುವು. ಹೇಗಿದ್ದರೂ, ದೊಡ್ಡ ಸಂಸ್ಥೆಗಳು ಪ್ರತಿ ಕಟ್ಟಡದೊಳಗೂ ಒಂದು ಸ್ಥಾಪನಾ ಸೇವಕವನ್ನು ಇಟ್ಟುಕೊಳ್ಳುವುದಕ್ಕೆ ಕಾರಣವೇನೆಂದು ಈ ಲೆಕ್ಕದಿಂದ ತಿಳಿಯಬಹುದು.

ಸ್ಥಾಪಕವು ಎದ್ದಿತು. ನಾವು ಮನೆಯಲ್ಲಿ ಲಿನಕ್ಸನ್ನು ಸ್ಥಾಪಿಸುವಾಗ ಅದು ಪ್ರಶ್ನೆಗಳನ್ನು ಕೇಳುತ್ತದೆ: ಭಾಷೆ ಯಾವುದು, ಕಾಲವಲಯ ಯಾವುದು, ಡಿಸ್ಕನ್ನು ಹೇಗೆ ಹಂಚಲಿ, ಗುಪ್ತಪದ ಏನು? ನೂರು ಯಂತ್ರಗಳ ಮುಂದೆ ಕುಳಿತು ಇವಕ್ಕೆಲ್ಲ ಉತ್ತರಿಸುವವರಾರು? ಆದುದರಿಂದ ಉತ್ತರಗಳನ್ನು ಮೊದಲೇ ಬರೆದಿಟ್ಟ ಒಂದು ಕಡತವನ್ನು ಅದರ ಕೈಗೆ ಕೊಡುತ್ತಾರೆ. ರೆಡ್‌ಹ್ಯಾಟ್ ಸಂಪ್ರದಾಯದಲ್ಲಿ ಇದಕ್ಕೆ ಕಿಕ್‌ಸ್ಟಾರ್ಟ್ ಎಂದೂ ಡೆಬಿಯನ್ನಿನಲ್ಲಿ ಪ್ರಿಸೀಡ್ ಎಂದೂ ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್ ಎಂದೂ ಹೆಸರು. ನಾವು ಉತ್ತರಪತ್ರಿಕೆ ಎನ್ನೋಣ. ಪರೀಕ್ಷೆಗೆ ಮುನ್ನವೇ ಸಿದ್ಧವಾದ ಉತ್ತರಪತ್ರಿಕೆಯು ನ್ಯಾಯವೆನ್ನಿಸುವ ಪ್ರಸಂಗ ಇದೊಂದೇ ಇರಬೇಕು.

ಈ ಪತ್ರಿಕೆಯಲ್ಲಿ ಒಂದು ಸಾಲು ಇರುತ್ತದೆ: ಡಿಸ್ಕಿನ ಎಲ್ಲ ವಿಭಾಗಗಳನ್ನೂ ಅಳಿಸು. ಮನುಷ್ಯನು ಎದುರಿದ್ದಾಗ ‘ನಿಜವಾಗಿಯೂ ಅಳಿಸಲೆ?’ ಎಂದು ಕೇಳುತ್ತಿದ್ದ ಸ್ಥಾಪಕವು ಈಗ ಕೇಳದು. ಕೇಳಬಾರದೆಂದೇ ಪತ್ರಿಕೆಯನ್ನು ಬರೆದಿರುವುದು. ‘ಮೊದಲ ಡಿಸ್ಕನ್ನು ಅಳಿಸು’ ಎಂದು ಬರೆಯುವುದು ಸುಲಭ. ಆದರೆ ಮೊದಲನೆಯದು ಯಾವುದು? ಲಿನಕ್ಸು ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಅವು ಕಂಡುಬಂದ ಕ್ರಮವನ್ನು ಅವಲಂಬಿಸುತ್ತವೆ. ಇಂದು ಮೊದಲನೆಯದಾದುದು ನಾಳೆ ಎರಡನೆಯದಾಗಬಹುದು. ಹಾಗಾದರೆ ಅಳಿಯುವುದು ವ್ಯವಸ್ಥೆಯ ಡಿಸ್ಕಲ್ಲ, ಜನರ ಲೆಕ್ಕಪತ್ರಗಳಿರುವ ಡಿಸ್ಕು. ಡಿಸ್ಕನ್ನು ಅದರ ಕ್ರಮಸಂಖ್ಯೆಯಿಂದಲೇ ಹೆಸರಿಸುವುದು, ಸ್ಥಾಪನೆಯ ವೇಳೆ ದತ್ತಾಂಶದ ಡಿಸ್ಕುಗಳನ್ನು ಬೇರ್ಪಡಿಸುವುದು, ಇವು ಬಲ್ಲವರ ಪದ್ಧತಿ. ಬೇಸರದ ಕೆಲಸವೆನ್ನಿಸಿದರೂ, ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ಭಾಗ ಇದೇ.

ಇನ್ನೊಂದು ಕುಣಿಕೆಯುಂಟು. ಯಂತ್ರವು ಯಾವಾಗಲೂ ಮೊದಲು ಜಾಲವನ್ನೇ ಕೇಳುವಂತೆ ಇಟ್ಟಿದ್ದರೆ, ಸ್ಥಾಪನೆ ಮುಗಿದು ಮತ್ತೆ ಎದ್ದಾಗ ಅದು ಪುನಃ ಡಂಗುರ ಸಾರುತ್ತದೆ. ಸೇವಕವು ಪುನಃ ಸ್ಥಾಪಕವನ್ನೇ ಕೊಡುತ್ತದೆ. ಡಿಸ್ಕು ಪುನಃ ಅಳಿಯುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇದ್ದೀತು. ಆದುದರಿಂದ ಸೇವಕವು ಪ್ರತಿ ಮಚ್ಚೆಗೂ ಒಂದು ಲೆಕ್ಕವನ್ನಿಡಬೇಕು. ‘ಇವನಿಗೆ ಆಗಿದೆ’ ಎಂದಿದ್ದರೆ ಕೊಡುವ ಉತ್ತರ ಬೇರೆ: ‘ನಿನ್ನ ಡಿಸ್ಕಿನಿಂದಲೇ ಏಳು.’ ಕಾಬ್ಲರ್, ಫೋರ್‌ಮನ್, ಮಾಸ್ ಮುಂತಾದ ಸಾಧನಗಳು ಈ ಲೆಕ್ಕವನ್ನು ಇಡುತ್ತವೆ.

ನೂರು ಯಂತ್ರಗಳು ಒಂದೇ ಅಚ್ಚಿನಲ್ಲಿ ಎರಕಗೊಳ್ಳುವುದು ಒಳ್ಳೆಯದೇ. ರೋಗ ಬಂದರೆ ಮದ್ದೂ ಒಂದೇ. ಆದರೆ ಒಂದಾಗಿರಕೂಡದ ವಸ್ತುವೂ ಇದೆ: ಗುಪ್ತಲಿಪಿಯ ಕೀಲಿಗಳು. ಸಿದ್ಧವಾದ ಒಂದು ಡಿಸ್ಕನ್ನೇ ನಕಲು ಮಾಡಿ ಹಂಚಿದರೆ ಕೀಲಿಯೂ ನಕಲಾಗುತ್ತದೆ; ಒಂದು ಬೀಗ ಮುರಿದವನಿಗೆ ನೂರೂ ತೆರೆಯುತ್ತವೆ. ಪ್ರತಿ ಯಂತ್ರವೂ ಕೀಲಿಯನ್ನು ತಾನೇ ಹುಟ್ಟಿಸಲೆಂದರೆ ಅದಕ್ಕೆ ಯಾದೃಚ್ಛಿಕತೆ ಬೇಕು. ಆಗತಾನೆ ಎದ್ದ, ಎಲ್ಲ ಬಗೆಯಲ್ಲಿಯೂ ಒಂದೇ ತೆರನಾದ ಯಂತ್ರಗಳಿಗೆ ಅದು ಎಲ್ಲಿಂದ ಬಂದೀತು? 2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಅಂತರಜಾಲವನ್ನೆಲ್ಲ ಜಾಲಾಡಿ, ಈ ಕೊರತೆಯಿಂದಾಗಿ ಹಲವು ಸಾಧನಗಳು ಕೀಲಿಗಳನ್ನು ಹಂಚಿಕೊಂಡಿರುವುದನ್ನು ತೋರಿಸಿದರು. ಅವುಗಳಲ್ಲಿ ಹೆಚ್ಚಿನವು ರೌಟರಿನಂಥ ಚಿಕ್ಕ ಸಾಧನಗಳು. ಆದರೂ ಎಚ್ಚರಿಕೆ ಎಲ್ಲಕ್ಕೂ ಸಲ್ಲುತ್ತದೆ.

ಇನ್ನು ನಂಬಿಕೆಯ ಮಾತು. ಬರಿದಾದ ಯಂತ್ರವು ಡಂಗುರ ಸಾರಿದಾಗ ಉತ್ತರ ಕೊಟ್ಟವನು ಯಜಮಾನನೋ ಕಳ್ಳನೋ ಎಂದು ಪರೀಕ್ಷಿಸುವ ಉಪಾಯವು ಮೂಲ ನಿಯಮಾವಳಿಯಲ್ಲಿ ಇಲ್ಲ. ಯಾರು ಉತ್ತರಿಸಿದರೋ ಅವರ ವ್ಯವಸ್ಥೆಯೇ ಡಿಸ್ಕಿನಲ್ಲಿ ಕುಳಿತೀತು. ಅದಕ್ಕಾಗಿಯೇ ಸ್ಥಾಪನೆಯ ಜಾಲವನ್ನು ಉಳಿದುದರಿಂದ ಪ್ರತ್ಯೇಕಿಸುತ್ತಾರೆ. ಅನುಮತಿಯಿಲ್ಲದ ತೂತಿನಿಂದ ಬಂದ ಡಿಎಚ್‌ಸಿಪಿ ಉತ್ತರವನ್ನು ಸ್ವಿಚ್ಚಿನಲ್ಲಿಯೇ ತಡೆಯುತ್ತಾರೆ. ಸೆಕ್ಯೂರ್ ಬೂಟ್ ಎಂಬ ಏರ್ಪಾಡಿನಿಂದ, ನಂಬಲರ್ಹವಾದ ಸಹಿಯಿಲ್ಲದ ತಿರುಳನ್ನು ಯಂತ್ರವೇ ತಿರಸ್ಕರಿಸುವಂತೆ ಮಾಡುತ್ತಾರೆ.

ಇಷ್ಟು ಅಪಾಯವಿದ್ದರೂ ಈ ದಾರಿಯನ್ನು ಏಕೆ ತೆರೆದಿಡಬೇಕು? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಕಡತದಿಂದ ಲೋಕದಾದ್ಯಂತ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವು. ಆ ಒಂದು ಕಡತವನ್ನು ಅಳಿಸಿದ್ದರೆ ಸಾಕಾಗಿತ್ತು. ಆದರೆ ಏಳಲಾರದ ಯಂತ್ರಕ್ಕೆ ದೂರದಿಂದ ಆಜ್ಞೆ ಕೊಡುವುದು ಹೇಗೆ? ಎಷ್ಟೋ ಕಡೆ ಜನರು ಯಂತ್ರದಿಂದ ಯಂತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಕೈಯಿಂದ ಸರಿಪಡಿಸಬೇಕಾಯಿತು. ಮೈಕ್ರೋಸಾಫ್ಟು ಬಿಡುಗಡೆ ಮಾಡಿದ ಪರಿಹಾರ ಸಾಧನಕ್ಕೆ ಕೆಲವೇ ದಿನಗಳಲ್ಲಿ ಪಿಎಕ್ಸ್‌ಇ ಮೂಲಕ ಎಬ್ಬಿಸುವ ವಿಧಾನವೂ ಸೇರಿತು. ಯಂತ್ರದ ಡಿಸ್ಕಿನಲ್ಲಿರುವುದೆಲ್ಲ ಕೆಟ್ಟರೂ ಕೆಡದೆ ಉಳಿಯುವುದು ಆ ಸಣ್ಣ ಪ್ರಶ್ನೆ ಕೇಳುವ ಶಕ್ತಿ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ನೀವೇ ನೋಡಬಹುದು. ಎರಡು ಹಳೆಯ ಗಣಕಗಳು, ಒಂದು ಚಿಕ್ಕ ಸ್ವಿಚ್ಚು ಸಾಕು. ಸ್ವಿಚ್ಚಿನಿಂದ ಕಾಲೇಜಿನ ಜಾಲಕ್ಕೆ ಯಾವ ತಂತಿಯೂ ಹೋಗಿರಬಾರದು. ಹೋಗಿದ್ದರೆ ಆಚೆಯ ಕೋಣೆಯ ಯಂತ್ರಗಳ ಕೂಗಿಗೂ ನಿಮ್ಮ ಸೇವಕವೇ ಉತ್ತರಿಸಿಬಿಟ್ಟೀತು. ಒಂದು ಗಣಕದಲ್ಲಿ ಲಿನಕ್ಸನ್ನೂ, ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡನ್ನೂ ನಡೆಸಬಲ್ಲ ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ಕ್ರಮವಿಧಿಯನ್ನೂ ಇಡಿ. ಇನ್ನೊಂದರ ಡಿಸ್ಕನ್ನು ಬಿಚ್ಚಿ ಹೊರಗಿಡಿ. ಸ್ಮೃತಿಯಲ್ಲಿಯೇ ನಡೆಯುವ ಚಿಕ್ಕ ಲಿನಕ್ಸಿನಿಂದ ಅದು ಏಳಲಿ. ಮೊದಲ ಗಣಕದಲ್ಲಿ ವೈರ್‌ಶಾರ್ಕ್ ತೆರೆದಿಟ್ಟು ಎರಡನೆಯದರ ಗುಂಡಿಯನ್ನೊತ್ತಿ. ನಾಲ್ಕು ಸೊನ್ನೆಗಳ ವಿಳಾಸದಿಂದ ಹೊರಟ ಕೂಗು ಮೊದಲು ಕಾಣಿಸುತ್ತದೆ. ಆಮೇಲೆ ತುಣುಕು, ಒಪ್ಪಿಗೆ, ತುಣುಕು, ಒಪ್ಪಿಗೆ. ತುಣುಕಿನ ಗಾತ್ರವನ್ನೂ ಎರಡು ತುಣುಕುಗಳ ನಡುವಣ ಕಾಲವನ್ನೂ ಗುರುತುಮಾಡಿಕೊಂಡು, ಇಡೀ ಕಡತಕ್ಕೆ ಹಿಡಿಯಬೇಕಾದ ಕಾಲವನ್ನು ಗುಣಿಸಿ ನೋಡಿ. ಬಳಿಕ ಡಿಎನ್‌ಎಸ್‌ಮಾಸ್ಕಿನಲ್ಲಿ ದೊಡ್ಡ ತುಣುಕುಗಳನ್ನು ನಿಷೇಧಿಸಿ, 512 ಬೈಟುಗಳಿಂದಲೇ ಮತ್ತೊಮ್ಮೆ ಎಬ್ಬಿಸಿ, ಎರಡು ಕಾಲಗಳನ್ನು ಹೋಲಿಸಿ.