ನಾಯಿಮರಿ ತರುವ ಮುನ್ನ



ಅಡಿಕೆ ತೋಟ ಕಾಯಲು ನಾಯಿಮರಿ ಬೇಕೆಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಅನೇಕರು ಕೇಳುತ್ತಾರೆ. ಮರಿ ಹುಟ್ಟುವ ಮೊದಲೇ ಸಾಕುವವರ ಮನೆಗೆ ಹೋಗಿ ತಾಯಿನಾಯಿಯನ್ನು ನೋಡಿರಿ. ಅದು ಮೈತುಂಬಿಕೊಂಡಿದೆಯೇ? ಮಲಗುವ ಜಾಗ ಒಣಗಿದೆಯೇ? ತಾಯಿಯನ್ನು ತೋರಿಸಲು ಒಪ್ಪದವರಲ್ಲಿ ಮರಿ ಕೊಳ್ಳಬೇಡಿರಿ. ನಾನೇ ಒಮ್ಮೆ ಅಂದಕ್ಕೆ ಮರುಳಾಗಿ ಪೇಟೆಯಿಂದ ಐದು ವಾರದ ಮರಿ ತಂದೆ. ರಕ್ತಭೇದಿಯಾಗಿ ವಾರದೊಳಗೆ ಸತ್ತಿತು.

2017ರ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರಾಟಕ್ಕೆ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ಪತ್ರವನ್ನೂ ಚುಚ್ಚುಮದ್ದಿನ ಚೀಟಿಯನ್ನೂ ಕೇಳಿರಿ.

ಮುಧೋಳ ತಳಿಗೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಅದು ಬಯಲುಸೀಮೆಯ ಓಟದ ನಾಯಿ. ನಮ್ಮ ಮಳೆಗೆ ಊರನಾಯಿಯೇ ಸಾಕೆಂದು ನನ್ನ ಎಣಿಕೆ. ಯಾವುದೇ ಮರಿಯಾಗಲಿ, 3 ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿರಿ.