ಕೆಂಪು ನೀರಿನ ದಿನಗಳಲ್ಲಿ ಮೀನು ಹಿಡಿಯುವವರಿಗೆ

ಉತ್ತರೆ, ಹಸ್ತ ಮಳೆಗಳು ಜೋರಾಗಿ ಸುರಿದಾಗ ದೇವದುರ್ಗ, ರಾಯಚೂರು ತಾಲ್ಲೂಕುಗಳಲ್ಲಿ ಕೃಷ್ಣೆಯೂ ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯೂ ಕೆಂಪೇರುವುದರಿಂದ, ಮೀನು ಹಿಡಿಯಲು ಹೊರಡುವವರು ಮುಗಿಲನ್ನಷ್ಟೇ ನೋಡದೆ ಮೇಲಿನ ಜಲಾಶಯಗಳ ಸುದ್ದಿಯನ್ನೂ ಕೇಳಬೇಕು. ಊರಿನಲ್ಲಿ ಮಳೆ ನಿಂತಿದ್ದರೂ ನಾರಾಯಣಪುರದ ಬಸವಸಾಗರದಿಂದಲೋ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದಲೋ ನೀರು ಬಿಟ್ಟರೆ ಹೊಳೆ ಏರುತ್ತದೆ. ಈ ಹೊರಹರಿವನ್ನು ಅಳೆಯುವ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. 2009ರ ಅಕ್ಟೋಬರ್ ಆರಂಭದ ನೆರೆ ನದಿತೀರದ ಊರುಗಳನ್ನು ಮುಳುಗಿಸಿದ್ದನ್ನು ಯಾರೂ ಮರೆಯಬಾರದು.

ಹೊರಹರಿವು ತಗ್ಗಿದ ಮೇಲೂ ನೀರು ಕೆಲವು ದಿನ ರಾಡಿಯಾಗಿರುವುದರಿಂದ, ಕಣ್ಣನ್ನು ನಂಬಿ ಬೇಟೆಯಾಡುವ ಕೊರವ ಮೀನು ಗಾಳಕ್ಕೆ ಬೀಳುವುದು ಕಡಿಮೆ. ಮೀಸೆಯ ಸ್ಪರ್ಶದಿಂದಲೂ ವಾಸನೆಯಿಂದಲೂ ಆಹಾರ ಅರಸುವ ಬಾಳೆಯಂಥ ಮೀನುಗಳು ಮಾತ್ರ ಸೆಳವು ಸೋಲುವ ದಂಡೆಯ ಮಡುಗಳಲ್ಲಿ, ಹಳ್ಳಗಳು ಹೊಳೆಗೆ ಕೂಡುವಲ್ಲಿ ಸಿಗುವ ಸಂಭವ ಹೆಚ್ಚು. ಕೃಷ್ಣೆಯ ಇಂಥ ಮಡುಗಳಿಗೆ ಮೊಸಳೆಗಳೂ ಬರುವುದರಿಂದ, ಮೊಣಕಾಲುದ್ದದ ನೀರಿಗೂ ಇಳಿಯದೆ ಎತ್ತರದ ದಂಡೆಯಿಂದಲೇ ಗಾಳ ಹಾಕುವುದು ಲೇಸು. ಬಿದಿರು ಹೆಣೆದು ಮಾಡಿದ ದುಂಡನೆಯ ಹರಿಗೋಲು ಸೆಳವಿನಲ್ಲಿ ಗಿರ್ರನೆ ತಿರುಗತೊಡಗಿದರೆ ನುರಿತ ಅಂಬಿಗನಿಗೂ ಹಿಡಿತ ಸಿಗುವುದಿಲ್ಲ. ಆದ್ದರಿಂದ ನದಿಗಿಳಿಯಬಾರದೆಂದು ಡಂಗುರ ಸಾರಿದ ದಿನ ಬಲೆ ಮನೆಯಲ್ಲೇ ಇರಲಿ, ಮೀನು ಮುಂದಿನ ವಾರವೂ ಸಿಗುತ್ತದೆ, ಹೋದ ಜೀವ ಮರಳಿ ಬಾರದು.